ಮಣಿಕಟ್ಟು, ಬೆರಳು, ಮತ್ತೆ ಆ 20 ಪರ್ಸೆಂಟ್: ಮಾಜಿ ಸೈನಿಕರ ಪ್ರಶ್ನೆಗಳಿಗೆ ಉತ್ತರ

ಡಿಸೆಬಿಲಿಟಿ ಪೆನ್ಶನ್, ಅಂದ್ರೆ ಸರ್ವಿಸ್‌ನಿಂದ ಆದ ಗಾಯ, ಕಾಯಿಲೆಗೆ ಸಿಗೋ ಪೆನ್ಶನ್, ಅದರ ಬಗ್ಗೆ ಪ್ರಶ್ನೆ ಕಳ್ಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ವಿ. ಬೆನ್ನು, ಮಂಡಿ, ಬಿಪಿ, ಶುಗರ್ ಇವೇ ಜಾಸ್ತಿ ಬರುತ್ತೆ ಅಂದ್ಕೊಂಡಿದ್ವಿ, ಬಂದಿದ್ದು ಹೆಚ್ಚಾಗಿ ಕೈ ಬಗ್ಗೆ. ಮಣಿಕಟ್ಟು ಮುರಿದಿದ್ದು, ಬೆರಳು ಜೋಮು ಹಿಡಿಯೋದು, ಹಿಮದಲ್ಲಿ ಬೆರಳ ತುದಿ ಕಳ್ಕೊಂಡಿದ್ದು. ಅದಕ್ಕೇ ಈ ಸಲದ ಅಂಕಣ ಪೂರ್ತಿ ಕೈಗೇ. ಕಾಲಿಗೆ ಏನಾದ್ರೂ ಆದ್ರೆ ನಡಿಗೆಯಲ್ಲೇ ನಾಲ್ಕು ಜನಕ್ಕೆ ಗೊತ್ತಾಗುತ್ತೆ, ಹೆಬ್ಬೆರಳಲ್ಲಿ ಬಲ ಇಲ್ಲ ಅಂದ್ರೆ ಮನೆಯವರಿಗೂ ಗೊತ್ತಾಗಲ್ಲ. ಪರ್ಸೆಂಟ್ ಬರೆಯೋ ಸೇನಾ ಡಾಕ್ಟರುಗಳ ಮಂಡಳಿ, ಅಂದ್ರೆ ಮೆಡಿಕಲ್ ಬೋರ್ಡ್, ಅದರ ಕಾಗದದಲ್ಲೂ ಹಂಗೇ, ಕೈ ತೊಂದರೆ ಅರ್ಧ ಸಾಲಲ್ಲಿ ಮುಗ್ದೋಗಿರುತ್ತೆ, ಆಮೇಲೆ ಅಪೀಲು ಬೀಳೋದು ಎಷ್ಟೋ ಸಲ ಆ ಅರ್ಧ ಸಾಲಿನಿಂದಾನೇ. ಕೇಳಿದವರ ಹೆಸರು, ಆರ್ಮಿ ನಂಬರ್ ಎಲ್ಲಾ ತೆಗೆದಿದ್ದೀವಿ.

ಪ್ರಶ್ನೆ: ಸಾರ್ ನಮಸ್ಕಾರ. ಹಾಸನ ಜಿಲ್ಲೆಯವನು, ಎಎಸ್‌ಸಿಯಲ್ಲಿ (ಆರ್ಮಿ ಸರ್ವಿಸ್ ಕೋರ್) ಡ್ರೈವರ್ ಆಗಿದ್ದೆ. ಡ್ಯೂಟಿಯಲ್ಲಿ ಗಾಡಿಯಿಂದ ಲೋಡ್ ಇಳಿಸೋವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರೀತು, ಪ್ಲಾಸ್ಟರ್ ಹಾಕಿದ್ರು, ಮೂಳೆ ಸ್ವಲ್ಪ ಸೊಟ್ಟ ಕೂಡಿದೆ. ಸರ್ವಿಸ್ ಮುಗಿಸಿ ಬರೋವಾಗ ರಿಲೀಸ್ ಮೆಡಿಕಲ್ ಬೋರ್ಡಿನವರು ಸರ್ವಿಸ್‌ನಿಂದಾನೇ ಆಗಿದ್ದು ಅಂತ ಒಪ್ಕೊಂಡಿದ್ದಾರೆ, ಆದ್ರೆ 15 ಪರ್ಸೆಂಟ್ ಅಂತ ಬರೆದಿದ್ದಾರೆ. 20 ಇಲ್ಲ, ಹಾಗಾಗಿ ಏನೂ ಬರಲ್ಲ ಅಂತ ಲೆಟರ್ ಬಂದಿದೆ. 15ಕ್ಕೆ ತಕ್ಕಷ್ಟಾದ್ರೂ ಕೊಡ್ಬೇಕಲ್ವಾ?

ಉತ್ತರ: ಕೊಡಲ್ಲ, ನಿಯಮ ಹಂಗೇ ಇದೆ, ಮತ್ತೆ ನನ್ನ ಅಭಿಪ್ರಾಯದಲ್ಲಿ ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಕಠಿಣವಾದ ಗೆರೆ ಇದೇ. ಅವಧಿ ಮುಗಿಸಿ ಬಂದವರಿಗೆ ಎರಡು ವಿಷಯ ಒಟ್ಟಿಗೆ ಬೇಕು, ಒಂದು, ತೊಂದರೆ ಸರ್ವಿಸ್‌ನಿಂದ ಬಂದಿರಬೇಕು ಇಲ್ಲಾ ಸರ್ವಿಸ್‌ನಿಂದ ಜಾಸ್ತಿ ಆಗಿರಬೇಕು, ಇನ್ನೊಂದು, ಕನಿಷ್ಠ 20 ಪರ್ಸೆಂಟ್ ಇರಬೇಕು. 20 ಮುಟ್ಟಿದ್ರೆ ಮಾತ್ರ ಬ್ರಾಡ್ ಬ್ಯಾಂಡಿಂಗ್ ಸಿಗುತ್ತೆ, ಅಂದ್ರೆ 50ಕ್ಕಿಂತ ಕಮ್ಮಿ ಇದ್ದಿದ್ದನ್ನ 50 ಅಂತ, 50ರಿಂದ 75 ಇದ್ದಿದ್ದನ್ನ 75 ಅಂತ, ಅದಕ್ಕಿಂತ ಮೇಲಿದ್ರೆ 100 ಅಂತ ಲೆಕ್ಕ ಹಿಡೀತಾರೆ. ಮೊದಲು ಇದು ಇನ್‌ವ್ಯಾಲಿಡ್ ಆಗಿ ಅರ್ಧಕ್ಕೇ ಮನೆಗೆ ಬಂದವರಿಗೆ ಮಾತ್ರ ಇತ್ತು, 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅವಧಿ ಮುಗಿಸಿದವರಿಗೂ ಸಲ್ಲುತ್ತೆ ಅಂತು. ಡಿಸೆಬಿಲಿಟಿ ಎಲಿಮೆಂಟ್, ಅಂದ್ರೆ ಪೆನ್ಶನ್‌ನಲ್ಲಿ ತೊಂದರೆಗೆ ಅಂತಲೇ ಕೊಡೋ ಭಾಗ, 100 ಪರ್ಸೆಂಟ್‌ಗೆ ಕೊನೆಯ ಸಂಬಳದ ಶೇ. 30. ನಿಮ್ಮ ಕೊನೆಯ ಸಂಬಳ 40,000 ಅಂತ ಇಟ್ಕೊಳ್ಳಿ, 100ಕ್ಕೆ 12,000, 50ಕ್ಕೆ 6,000. ಈಗ ನೋಡಿ, 20 ಬರೆದಿದ್ರೆ ತಿಂಗಳಿಗೆ 6,000, ಅದರ ಮೇಲೆ ಡಿಆರ್ (ತುಟ್ಟಿ ಪರಿಹಾರ), 15 ಬರೆದಿದ್ದಕ್ಕೆ ಸೊನ್ನೆ. ಐದು ಪರ್ಸೆಂಟಿನ ಬೆಲೆ ಇಷ್ಟು.

ಅದಕ್ಕೇ ನಿಮ್ಮ ಅಪೀಲು ಪೂರ್ತಿ ಆ ಪರ್ಸೆಂಟ್ ಮೇಲೆ ನಿಲ್ಲಬೇಕು. ಡ್ಯೂಟಿಯಲ್ಲಿ ಆಯ್ತು ಅಂತ ಎರಡು ಪುಟ ಬರೆಯೋದು ಬೇಡ, ಅದನ್ನ ಅವರೇ ಒಪ್ಕೊಂಡಾಗಿದೆ. ಬೋರ್ಡಿನವರು ಕೈ ಅಳೆದ್ರಾ ಇಲ್ವಾ ಅನ್ನೋದನ್ನ ಹುಡುಕಿ. ಮಣಿಕಟ್ಟು ಕೆಳಗೆ ಸುಮಾರು 80 ಡಿಗ್ರಿ ಬಗ್ಗುತ್ತೆ, ಮೇಲೆ ಸುಮಾರು 70, ನಿಮ್ಮದು ಎಷ್ಟು ಬಗ್ಗುತ್ತೆ ಅಂತ ಕಾಗದದಲ್ಲಿ ಇದ್ಯಾ? ಹಿಡಿತದ ಬಲ ಯಂತ್ರದಲ್ಲಿ ನೋಡಿದ್ರಾ? ಸೊಟ್ಟ ಕೂಡಿದ ಮಣಿಕಟ್ಟಲ್ಲಿ ಬಹಳ ಸಲ ಅಂಗೈ ಮೇಲ್ಮುಖವಾಗಿ ತಿರುಗಿಸೋದೇ ಕಷ್ಟ ಆಗುತ್ತೆ, ಅಂಗಡಿಯಲ್ಲಿ ಚಿಲ್ಲರೆ ಇಸ್ಕೊಳ್ಳೋಕೆ ಕೈ ಚಾಚೋಕಾಗಲ್ಲ, ಆ ತಿರುಗುವಿಕೆ ಬಗ್ಗೆ ಒಂದು ಮಾತಾದ್ರೂ ಇದ್ಯಾ? ಇಲ್ಲ ಅಂದ್ರೆ ಸರ್ಕಾರಿ ಆಸ್ಪತ್ರೆಯ ಮೂಳೆ ಡಾಕ್ಟರ್ ಹತ್ರ ಹೋಗಿ ಎರಡೂ ಕೈ ಅಳೆಸಿ, ಡಿಗ್ರಿ ಲೆಕ್ಕದಲ್ಲಿ ಬರೆಸ್ಕೊಳ್ಳಿ, ಹೊಸ ಎಕ್ಸ್‌ರೇ ಸೇರಿಸಿ, ಫಸ್ಟ್ ಅಪೀಲಲ್ಲಿ ಹೊಸದಾಗಿ ಮೆಡಿಕಲ್ ಬೋರ್ಡ್ ಕೂರಿಸಿ ಅಂತ ಸ್ಪಷ್ಟವಾಗಿ ಕೇಳಿ. ಸೈನಿಕರ ಕೇಸು ನೋಡೋ ಟ್ರಿಬ್ಯೂನಲ್‌ವರೆಗೂ ಹೋದ್ರೂ ಜಡ್ಜ್‌ಗಳು ಸಾಮಾನ್ಯವಾಗಿ ತಾವೇ 15 ಹೊಡೆದು 20 ಬರೆಯಲ್ಲ, ಅಳೆದಿದ್ದೇ ಸರಿ ಇಲ್ಲ ಅಂತ ಕಂಡ್ರೆ ಮತ್ತೊಂದು ಬೋರ್ಡಿಗೆ ಕಳಿಸ್ತಾರೆ.

ಇನ್ನೊಂದು ಮಾತು, ಇದು ನಿಮಗಲ್ಲ, ಇದನ್ನ ಓದ್ತಿರೋ ಬೇರೆಯವರಿಗೆ. ಅನಾರೋಗ್ಯದಿಂದ ಇನ್‌ವ್ಯಾಲಿಡ್ ಮಾಡಿ ಕಳಿಸಿದ್ರೆ 20 ಇಲ್ಲ ಅನ್ನೋ ಮಾತು ನಡೆಯಲ್ಲ. 2014ರ ಸುಖ್ವಿಂದರ್ ಸಿಂಗ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕೆಲಸಕ್ಕೇ ಆಗಲ್ಲ ಅಂತ ಮನೆಗೆ ಕಳಿಸಿದ್ಮೇಲೆ ಆ ತೊಂದರೆ 20ಕ್ಕಿಂತ ಮೇಲಿದೆ ಅಂತಾನೇ ತಿಳ್ಕೋಬೇಕು ಅಂತ.

ಪ್ರಶ್ನೆ: ಕೊಡಗಿನಿಂದ ಬರೀತಿದ್ದೀನಿ. ಇಎಂಇಯಲ್ಲಿ (ಸೇನೆಯ ಗಾಡಿ, ಯಂತ್ರ ರಿಪೇರಿ ವಿಭಾಗ) ವೆಹಿಕಲ್ ಮೆಕ್ಯಾನಿಕ್ ಆಗಿ 22 ವರ್ಷ. ಎರಡೂ ಕೈಗೆ ಕಾರ್ಪಲ್ ಟನಲ್, ಅಂದ್ರೆ ಮಣಿಕಟ್ಟಲ್ಲಿ ನರ ಅಮುಕ್ಕೊಳ್ಳೋ ತೊಂದರೆ, ಬಲಗೈ ಆಪರೇಶನ್ ಆಗಿದೆ, ಆದ್ರೂ ರಾತ್ರಿ ಎದ್ದು ಕೈ ಕೊಡವ್ತಾ ಕೂರ್ತೀನಿ. ಬೋರ್ಡಿನವರು 20 ಪರ್ಸೆಂಟ್ ಕೊಟ್ಟು ಪಕ್ಕದಲ್ಲಿ ನಾನಾ ಅಂತ ಹಾಕಿದ್ದಾರೆ, ದೇಹಪ್ರಕೃತಿಯ ಕಾಯಿಲೆ, ಪೀಸ್ ಸ್ಟೇಶನ್‌ನಲ್ಲಿ (ಯುದ್ಧ, ಫೀಲ್ಡ್ ಅಲ್ಲದ ಜಾಗ) ಶುರು ಆಗಿದ್ದು, ಸರ್ವಿಸ್‌ಗೆ ಸಂಬಂಧ ಇಲ್ಲ ಅಂತ ಒಂದೇ ಸಾಲು. ಫಸ್ಟ್ ಅಪೀಲೂ ರಿಜೆಕ್ಟ್ ಆಯ್ತು. ಮುಂದೆ ಹೋಗೋದಾ, ಬಿಡೋದಾ?

ಉತ್ತರ: ಹೋಗಿ ಸಾರ್. ಬಂದಿರೋ ಪತ್ರಗಳಲ್ಲಿ ನಿಮ್ಮದು ಗಟ್ಟಿ ಕೇಸುಗಳಲ್ಲಿ ಒಂದು ಅಂತ ನನಗೆ ಅನ್ಸುತ್ತೆ.

ಗೊತ್ತಿಲ್ಲದವರಿಗೆ, ನಾನಾ ಅಂದ್ರೆ ಸರ್ವಿಸ್‌ನಿಂದ ಬಂದಿದ್ದೂ ಅಲ್ಲ, ಸರ್ವಿಸ್‌ನಿಂದ ಜಾಸ್ತಿ ಆಗಿದ್ದೂ ಅಲ್ಲ ಅಂತ ಬೋರ್ಡ್ ಹಾಕೋ ಷರಾ. ಕೈ ನರದ ಕೇಸಲ್ಲಿ ಈ ಷರಾ ಸುಲಭವಾಗಿ ಬೀಳುತ್ತೆ, ಯಾಕಂದ್ರೆ ಗಾಯ ಆದ ತಾರೀಖು ಅಂತ ಒಂದು ಇರಲ್ಲ, ವರ್ಷಗಟ್ಟಲೆ ನಿಧಾನವಾಗಿ ಬಂದಿರುತ್ತೆ. ಮಣಿಕಟ್ಟಿನ ಒಳಗೆ ಒಂದು ಇಕ್ಕಟ್ಟಾದ ದಾರಿ ಇದೆ, ಅದರಲ್ಲಿ ಬೆರಳು ಮಡಿಸೋ ಒಂಬತ್ತು ಸ್ನಾಯುರಜ್ಜು ಮತ್ತೆ ಮೀಡಿಯನ್ ನರ ಒಟ್ಟಿಗೆ ಹೋಗುತ್ವೆ, ರಜ್ಜುಗಳು ಊದ್ಕೊಂಡ್ರೆ ನರ ಅಮುಕ್ಕೊಳ್ಳುತ್ತೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿಯುತ್ತೆ, ಕಿರುಬೆರಳು ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ. ಶುಗರ್, ಥೈರಾಯ್ಡ್ ಇದ್ರೂ ಬರುತ್ತೆ, ಅದು ನಿಜ, ಬೋರ್ಡಿನವರು ಅದನ್ನೇ ಹಿಡ್ಕೊಳ್ಳೋದು. ಆದ್ರೆ ಗಟ್ಟಿಯಾಗಿ ಹಿಡಿದು ತಿರುಗಿಸೋ ಕೆಲಸ, ನಡುಗೋ ಟೂಲು, ಮಣಿಕಟ್ಟು ಬಗ್ಗಿಸಿ ಗಂಟೆಗಟ್ಟಲೆ ಮಾಡೋ ಕೆಲಸ, ಇವೂ ಕಾರಣ ಅನ್ನೋದು ಡಾಕ್ಟರುಗಳು ಒಪ್ಪಿರೋ ವಿಷಯ, ಮತ್ತೆ ವೆಹಿಕಲ್ ಮೆಕ್ಯಾನಿಕ್ ಮಾಡೋದು ಇನ್ನೇನು?

ಕಾನೂನು ಕಡೆ ನಿಮಗೆ ಮುಖ್ಯ ಆಧಾರ ಧರಮ್‌ವೀರ್ ಸಿಂಗ್ ತೀರ್ಪು, ಸುಪ್ರೀಂ ಕೋರ್ಟ್, 2013ರ ಜುಲೈ. ಭರ್ತಿ ಆಗೋವಾಗ ಮಾಡಿದ ಮೆಡಿಕಲ್‌ನಲ್ಲಿ ಈ ಕಾಯಿಲೆ ಬಗ್ಗೆ ಏನೂ ಬರೆದಿಲ್ಲ ಅಂದ್ರೆ, ಆ ಮನುಷ್ಯ ಚೆನ್ನಾಗಿದ್ದ ಅಂತಲೇ ತಗೋಬೇಕು, ಆಮೇಲೆ ಕೆಟ್ಟಿದ್ದು ಸರ್ವಿಸ್‌ನಿಂದ ಅಂತ ಊಹಿಸಬೇಕು, ಸಾಬೀತು ಮಾಡೋ ಹೊರೆ ಸೈನಿಕನ ಮೇಲಿಲ್ಲ, ಸಂಶಯ ಇದ್ರೆ ಅದರ ಲಾಭ ಅವನಿಗೆ, ಮತ್ತೆ ಬೋರ್ಡ್ ಬೇರೆ ಹೇಳೋದಾದ್ರೆ ಕಾರಣ ಬರೀಬೇಕು. ದೇಹಪ್ರಕೃತಿಯ ಕಾಯಿಲೆ ಅನ್ನೋದು ಕಾರಣ ಆಗಲ್ಲ, ಅದು ಬರೀ ತೀರ್ಮಾನ. ಇನ್ನು ಪೀಸ್ ಸ್ಟೇಶನ್ ಅನ್ನೋ ಮಾತು. 1983ರ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವಾ ನಿಯಮಾವಳಿಯ 423ನೇ ಪ್ಯಾರಾದಲ್ಲೇ ಇದೆ, ತೊಂದರೆ ಫೀಲ್ಡ್‌ನಲ್ಲಿ ಶುರು ಆಯ್ತೋ ಪೀಸ್‌ನಲ್ಲಿ ಶುರು ಆಯ್ತೋ ಅನ್ನೋದು ಮುಖ್ಯ ಅಲ್ಲ ಅಂತ. ಇದನ್ನ ಅಪೀಲಲ್ಲಿ ಪ್ಯಾರಾ ನಂಬರ್ ಸಮೇತ ಬರೀರಿ.

ಆದ್ರೆ ಒಂದು ಎಚ್ಚರಿಕೆ. ಧರಮ್‌ವೀರ್ ಸಿಂಗ್ ತೀರ್ಪು 1982ರ ನಿಯಮಗಳ ಮೇಲೆ ಬಂದಿದ್ದು. 2008ರಿಂದ ಬೇರೆ ಎಂಟೈಟಲ್‌ಮೆಂಟ್ ನಿಯಮ, ಅಂದ್ರೆ ಯಾರಿಗೆ ಪೆನ್ಶನ್ ಸಲ್ಲುತ್ತೆ ಅನ್ನೋ ನಿಯಮ ಬಂತು, ಅದರಲ್ಲಿ ಊಹೆಯ ಮಾತು ಮೊದಲಿನಷ್ಟು ಗಟ್ಟಿಯಾಗಿಲ್ಲ ಅಂತ ಸರ್ಕಾರದ ಕಡೆ ವಕೀಲರು ವಾದ ಮಾಡ್ತಾರೆ. ಅದಕ್ಕೇ ಊಹೆ ಒಂದನ್ನೇ ನಂಬ್ಕೊಂಡು ಹೋಗ್ಬೇಡಿ, ಕೆಲಸದ ವಿವರ ತುಂಬಿ. ಯಾವ ಯಾವ ವರ್ಕ್‌ಶಾಪಲ್ಲಿ ಎಷ್ಟು ವರ್ಷ, ಯಾವ ಗಾಡಿ, ಯಾವ ಟೂಲು, ದಿನಕ್ಕೆ ಎಷ್ಟು ಹೊತ್ತು, ಚಳಿ ಜಾಗದಲ್ಲಿ ಎಷ್ಟು ಕಾಲ. ಲೋ ಮೆಡಿಕಲ್ ಕೆಟಗರಿ, ಅಂದ್ರೆ ಪೂರ್ತಿ ಫಿಟ್ ಅಲ್ಲ ಅನ್ನೋ ದರ್ಜೆ, ಯಾವಾಗ ಆಯ್ತು, ಶೇಪ್ ಅನ್ನೋ ಸೇನೆಯ ಫಿಟ್‌ನೆಸ್ ಲೆಕ್ಕದಲ್ಲಿ ಎ ಅಕ್ಷರದ ಪಕ್ಕ ಏನಿತ್ತು ನೋಡಿ, ಎ ಅಂದ್ರೆ ಕೈಕಾಲು, ಅದರಲ್ಲಿ ಯು ಅಂತ ಇದ್ರೆ ಮೇಲಿನದು ಅಂದ್ರೆ ಕೈ. ಕೆಟಗರಿ ಆದ್ಮೇಲೂ ಅದೇ ಸ್ಪ್ಯಾನರ್ ಕೆಲಸಕ್ಕೇ ಹಾಕಿದ್ರೆ ಅದನ್ನ ತಪ್ಪದೆ ಬರೀರಿ, ಸರ್ವಿಸ್‌ನಿಂದ ಜಾಸ್ತಿ ಆಯ್ತು ಅನ್ನೋ ವಾದಕ್ಕೆ ಅದಕ್ಕಿಂತ ಒಳ್ಳೆ ಆಧಾರ ಇಲ್ಲ. ಆಪರೇಶನ್ ಮುಂಚೆ ಮಾಡಿದ ನರದ ಟೆಸ್ಟ್, ಅಂದ್ರೆ ಎನ್‌ಸಿಎಸ್ ರಿಪೋರ್ಟ್, ಶುಗರ್ ಥೈರಾಯ್ಡ್ ನಾರ್ಮಲ್ ಇದ್ದ ರಿಪೋರ್ಟ್, ಎರಡೂ ಹಾಕಿ. ಶುಗರ್ ಇದ್ರೂ ಮುಚ್ಚಿಡ್ಬೇಡಿ, ಯಾವ ವರ್ಷ ಬಂತು ಅಂತ ಹೇಳಿ, ಕೈ ತೊಂದರೆ ಅದಕ್ಕಿಂತ ಮುಂಚೇನೇ ಇತ್ತು ಅಂದ್ರೆ ಅದೇ ನಿಮ್ಮ ಪರ ಆಗುತ್ತೆ.

ಪ್ರಶ್ನೆ: ರಜೆಯಲ್ಲಿ ಊರಿಗೆ ಬಂದಾಗ ಜಾತ್ರೆಗೆ ಹೋಗ್ತಾ ಬೈಕ್ ಸ್ಕಿಡ್ ಆಗಿ ಮಣಿಕಟ್ಟಿಗೆ ಪ್ಲೇಟ್ ಹಾಕಿದ್ದಾರೆ. ರಜೆಯೂ ಡ್ಯೂಟಿನೇ, ಪೆನ್ಶನ್ ಸಿಗುತ್ತೆ ಅಂತ ಗೆಳೆಯರು ಅಂತಾರೆ. ನಿಜಾನಾ? (ಬಾಗಲಕೋಟೆ)

ಉತ್ತರ: ಆಸೆ ಇಟ್ಕೋಬೇಡಿ ತಮ್ಮಾ. ರಜೆಗೆ ಬರೋ ದಾರಿ, ರಜೆ ಮುಗಿಸಿ ಯೂನಿಟ್‌ಗೆ ವಾಪಸ್ ಹೋಗೋ ದಾರಿ, ಅದು ಡ್ಯೂಟಿ ಲೆಕ್ಕ. ಊರಲ್ಲಿ ಇದ್ದಾಗ ಸ್ವಂತ ಕೆಲಸಕ್ಕೆ ಹೋಗಿ ಆದ ಅಪಘಾತಕ್ಕೆ ಸರ್ವಿಸ್ ಜೊತೆ ಏನಾದ್ರೂ ಕಾರಣದ ಕೊಂಡಿ ತೋರಿಸ್ಬೇಕು ಅಂತ ಸುಪ್ರೀಂ ಕೋರ್ಟ್ 2011ರ ಜುಝಾರ್ ಸಿಂಗ್ ಕೇಸಿನಿಂದ ಹಿಡಿದು ಹೇಳ್ತಾನೇ ಬಂದಿದೆ. 2015ರಲ್ಲಿ ವಿಜಯ್ ಕುಮಾರ್ ಅನ್ನೋ ನಾಯಕ್ ರಜೆಯಲ್ಲಿ ಸಂಬಂಧಿಕರ ಮನೆ ಮಹಡಿಯಿಂದ ಬಿದ್ದ ಕೇಸೂ ಹಂಗೇ ಬಿತ್ತು. ಜಾತ್ರೆಗೆ ಹೋಗ್ತಿದ್ದಿದ್ದನ್ನ ಯೂನಿಟ್‌ಗೆ ಹೋಗ್ತಿದ್ದೆ ಅಂತ ಬದಲಾಯಿಸಿ ಬರೆಸೋಣ ಅಂತ ಯಾರಾದ್ರೂ ಹೇಳಿದ್ರೆ ಅವರ ಸಹವಾಸ ಬಿಡಿ.

ಪ್ರಶ್ನೆ: ನಮ್ಮ ಅಪ್ಪಾಜಿ ಮರಾಠಾ ರೆಜಿಮೆಂಟು, ಸಿಯಾಚಿನ್‌ನಲ್ಲಿ ಹಿಮಕ್ಕೆ ಎಡಗೈಯ ಎರಡು ಬೆರಳ ತುದಿ ಹೋಗಿವೆ. 1998ರಲ್ಲಿ ಸರ್ವಿಸ್ ಮುಗಿಸಿ ಬಂದ್ರು, ಆಗ 30 ಪರ್ಸೆಂಟ್ ಅಂತ ಒಪ್ಪಿ ಸ್ವಲ್ಪ ದುಡ್ಡು ಬರ್ತಿದೆ. ಅವರಿಗೆ ಈ 50 ಮಾಡೋದು ಗೊತ್ತೇ ಇರ್ಲಿಲ್ಲ. ಈಗ ಕೇಳಿದ್ರೆ ತಡ ಆಯ್ತು ಅಂತಾರಾ? (ಬೆಳಗಾವಿ ಜಿಲ್ಲೆ)

ಉತ್ತರ: ತಂಗಿ, ತಡ ಆಯ್ತು ಅಂತ ಬಾಗಿಲು ಮುಚ್ಚಲ್ಲ. ಪೆನ್ಶನ್ ತಿಂಗಳು ತಿಂಗಳು ಬರೋದು, ಹಾಗಾಗಿ ಕಮ್ಮಿ ಕೊಟ್ರೆ ಅನ್ಯಾಯವೂ ತಿಂಗಳು ತಿಂಗಳು ಮುಂದುವರೀತಾನೇ ಇರುತ್ತೆ. 2008ರ ತರ್ಸೇಮ್ ಸಿಂಗ್ ತೀರ್ಪು ಇದರ ಮೇಲೇನೇ ಇದೆ, ಅದೂ ಡಿಸೆಬಿಲಿಟಿ ಪೆನ್ಶನ್ ಕೇಸೇ, ಆ ಯೋಧ 1983ರಲ್ಲಿ ಮನೆಗೆ ಬಂದು 1999ರಲ್ಲಿ ಕೋರ್ಟಿಗೆ ಹೋಗಿದ್ರು. ಹಕ್ಕು ಒಪ್ಪಿದ್ರು, ಆದ್ರೆ ಹಳೆ ಬಾಕಿಯನ್ನ ಕೇಸ್ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷಕ್ಕೆ ಕತ್ತರಿಸಿದ್ರು. ಅದಕ್ಕೇ ಇನ್ನೂ ತಡ ಮಾಡಿದ್ರೆ ಹಳೇ ಬಾಕಿ ಒಂದೊಂದೇ ತಿಂಗಳು ಕೈಬಿಟ್ಟು ಹೋಗಬಹುದು.

ಮೊದಲು ಸೇನಾ ಪೆನ್ಶನ್ನಿನ ಸ್ಪರ್ಶ್ ಪೋರ್ಟಲ್‌ನಲ್ಲಿ ಅಪ್ಪಾಜಿಯವರ ಪಿಪಿಒ (ಪೆನ್ಶನ್ ಆದೇಶ ಪತ್ರ) ಇಳಿಸ್ಕೊಂಡು ಡಿಸೆಬಿಲಿಟಿ ಕಾಲಂನಲ್ಲಿ 30 ಇದ್ಯಾ 50 ಇದ್ಯಾ ನೋಡಿ, ಎಷ್ಟೋ ಜನಕ್ಕೆ ಆಗಲೇ ಆಗಿರುತ್ತೆ, ಗೊತ್ತಿರಲ್ಲ. 30 ಅಂತಲೇ ಇದ್ರೆ ಬೆಳಗಾವಿಯಲ್ಲೇ ಇರೋ ಮರಾಠಾ ಲೈಟ್ ಇನ್‌ಫೆಂಟ್ರಿ ರೆಕಾರ್ಡ್ ಆಫೀಸಿಗೆ ರಾಮ್ ಅವತಾರ್ ತೀರ್ಪು ಹೇಳಿ ಅರ್ಜಿ ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ಸಿಯಾಚಿನ್‌ನಲ್ಲಿ ಆಗಿದ್ದಕ್ಕೆ ವಾರ್ ಇಂಜುರಿ ಪೆನ್ಶನ್ ಬರಬೇಕಲ್ವಾ ಅನ್ನೋದು ಬೇರೆ ವಾದ, 2001ರ ಜನವರಿ 31ರ ಸರ್ಕಾರಿ ಪತ್ರದಲ್ಲಿ ಎ ಯಿಂದ ಇ ವರೆಗೆ ವರ್ಗಗಳಿವೆ, ಯಾವುದಕ್ಕೆ ಸೇರುತ್ತೆ ಅನ್ನೋದು ಅವತ್ತಿನ ಕಾಗದ ನೋಡಿ ವಕೀಲರು ಹೇಳ್ಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸ್ಬೇಡಿ, ಸುಲಭದ್ದು ಮೊದಲು ಆಗ್ಲಿ. ನಿಮ್ಮ ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ.

ಪ್ರಶ್ನೆ: 2012ರಲ್ಲಿ ಯೂನಿಟ್ ಹಾಕಿ ಮ್ಯಾಚಲ್ಲಿ ಕೈ ಊರಿ ಬಿದ್ದೆ, ಎಂಐ ರೂಮಲ್ಲಿ (ಯೂನಿಟ್‌ನ ಚಿಕ್ಕ ದವಾಖಾನೆ) ಎಕ್ಸ್‌ರೇ ತೆಗೆದು ಉಳುಕು ಅಂತ ಬ್ಯಾಂಡೇಜ್ ಕಟ್ಟಿ ಕಳಿಸಿದ್ರು. 2019ರಲ್ಲಿ ಶೇಪ್-1, ಅಂದ್ರೆ ಪೂರ್ತಿ ಫಿಟ್ ಆಗಿಯೇ ಪೆನ್ಶನ್ ಬಂದೆ. ಈಗ ಹೆಬ್ಬೆರಳ ಬುಡದಲ್ಲಿ ನೋವು, ಸ್ಕ್ಯಾನಲ್ಲಿ ಹಳೆ ಸ್ಕೇಫಾಯ್ಡ್ ಮೂಳೆ ಮುರಿದು ಕೂಡೇ ಇಲ್ಲ, ಕೀಲು ಸವೆದಿದೆ ಅಂದ್ರು. ಬೋರ್ಡೇ ಆಗಿಲ್ಲ, ನನಗೇನಾದ್ರೂ ದಾರಿ ಇದ್ಯಾ?

ಉತ್ತರ: ಇದೆ, ಮತ್ತೆ ಸಮಯವೂ ಇದೆ. ಸರ್ವಿಸ್‌ನಿಂದ ಬಂದ್ಮೇಲೆ ಕಾಣಿಸ್ಕೊಂಡ ತೊಂದರೆಗೆ 2008ರ ನಿಯಮದಲ್ಲಿ 10 ವರ್ಷದ ಅವಕಾಶ ಇದೆ, ಸರ್ವಿಸ್‌ನಲ್ಲಿ ಶುರುವಾದ ಪ್ರಕ್ರಿಯೆ ತಡವಾಗಿ ಹೊರಗೆ ಬಂತು ಅಂತ ವೈದ್ಯಕೀಯವಾಗಿ ತೋರಿಸ್ಬೇಕು ಅಷ್ಟೇ. ನಿಮಗೆ ಅದು 2029ರವರೆಗೆ.

ಸ್ಕೇಫಾಯ್ಡ್ ಅಂದ್ರೆ ಮಣಿಕಟ್ಟಲ್ಲಿ ಹೆಬ್ಬೆರಳ ಕಡೆ ಇರೋ ಗೋಡಂಬಿ ಗಾತ್ರದ ಮೂಳೆ. ಕೈ ಊರಿ ಬಿದ್ದಾಗ ಮಣಿಕಟ್ಟಿನ ಸಣ್ಣ ಮೂಳೆಗಳಲ್ಲಿ ಹೆಚ್ಚಾಗಿ ಮುರಿಯೋದು ಇದೇ, ಆದ್ರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಬಹಳ ಸಲ ಬಿರುಕು ಕಾಣಲ್ಲ, ಅದಕ್ಕೇ ಹತ್ತು ಹದಿನಾಲ್ಕು ದಿನ ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೀಬೇಕು ಅಂತ ಡಾಕ್ಟರುಗಳ ಪಾಠದಲ್ಲೇ ಇದೆ. ಇದಕ್ಕೆ ರಕ್ತ ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಒಳಗೆ ಹೋಗುತ್ತೆ, ನಡುವೆ ಮುರಿದ್ರೆ ಹಿಂದಿನ ತುಂಡಿಗೆ ರಕ್ತ ಸರಿಯಾಗಿ ಸಿಗಲ್ಲ, ಕೂಡಲ್ಲ, ವರ್ಷಗಳು ಕಳೆದ್ಮೇಲೆ ಕೀಲು ಸವೆಯುತ್ತೆ. ನಿಮ್ಮ ಕಥೆ ಇದಕ್ಕೆ ಸರಿಯಾಗಿ ಹೊಂದುತ್ತೆ. ಈ ಕಾರಣದ ಸರಪಳಿಯನ್ನ ಮೂಳೆ ಡಾಕ್ಟರ್ ಹತ್ರ ನಾಲ್ಕು ಸಾಲಲ್ಲಿ ಬರೆಸ್ಕೊಳ್ಳಿ, ಇದು ಹಳೇ ಮುರಿತ, ಇತ್ತೀಚಿನದ್ದಲ್ಲ ಅನ್ನೋ ಮಾತು ಅದರಲ್ಲಿ ಇರ್ಲೇಬೇಕು. ಯೂನಿಟ್ ನಡೆಸೋ ಆಟದಲ್ಲಿ ಆದ ಗಾಯ ಡ್ಯೂಟಿ ಲೆಕ್ಕವೇ. ತೊಡಕು ಇರೋದು ಕಾಗದದ ಕಡೆ, ಇಂಜುರಿ ರಿಪೋರ್ಟ್, ಅಂದ್ರೆ ಐಎಎಫ್‌ವೈ-2006 ಫಾರ್ಮ್, ಉಳುಕು ಅಂದ ಗಾಯಕ್ಕೆ ಯಾರೂ ತುಂಬಿರಲ್ಲ. ಅದಿಲ್ಲ ಅಂದ್ರೆ ಎಂಐ ರೂಮ್ ಚೀಟಿ, ಪಿಟಿಗೆ ವಿನಾಯಿತಿ ಕೊಟ್ಟ ದಾಖಲೆ, ಮ್ಯಾಚಿನ ಪಾರ್ಟ್ ಆರ್ಡರ್ (ಯೂನಿಟ್‌ನ ಲಿಖಿತ ಆದೇಶ), ಜೊತೆಗೆ ಆಡಿದವರ ಅಫಿಡವಿಟ್, ಸಿಕ್ಕಿದ್ದೆಲ್ಲಾ ಸೇರಿಸಿ.

ಈಗ ಇನ್ನೂ ಸರ್ವಿಸ್‌ನಲ್ಲಿ ಇರೋ ಹುಡುಗರು ಇದನ್ನ ಓದ್ತಿದ್ರೆ ದಯವಿಟ್ಟು ಕೇಳಿ, ಕೈ ಊರಿ ಬಿದ್ದು ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದ್ರೆ ನೋವಿದ್ರೆ ಎರಡನೇ ಎಕ್ಸ್‌ರೇ ಕೇಳಿ ತೆಗೆಸ್ಕೊಳ್ಳಿ, ಇಂಜುರಿ ರಿಪೋರ್ಟ್ ಅವತ್ತೇ ಮಾಡಿಸಿ. ಇನ್ನೊಂದು, 2023ರ ಸೆಪ್ಟೆಂಬರ್ 21ರಿಂದ ಹೊಸ ಎಂಟೈಟಲ್‌ಮೆಂಟ್ ನಿಯಮ ಬಂದಿದೆ, ಆ ದಿನದ ನಂತರ ಬಂದವರು ಇಲ್ಲಿನ ಲೆಕ್ಕವನ್ನ ಹಾಗೇ ತಮಗೆ ಹಾಕ್ಕೋಬೇಡಿ, ಹೊಸದನ್ನ ಓದಿ.

ಪ್ರಶ್ನೆ: ಮೈಸೂರಿನ ತಾಯಿ ನಾನು. ಮಗ ಅಮೆರಿಕದಲ್ಲಿ ಹುಟ್ಟಿ ಬೆಳೆದವನು, ಅಲ್ಲಿನ ಆರ್ಮಿಯಲ್ಲಿ ಆರು ವರ್ಷ ಇದ್ದ. ಬಲಗೈಗೆ ಇದೇ ಕಾರ್ಪಲ್ ಟನಲ್, 10 ಪರ್ಸೆಂಟ್ ಕೊಟ್ಟಿದ್ದಾರಂತೆ, ಕೈಯಿಂದ ಲೋಟ ಜಾರಿ ಬೀಳುತ್ತೆ ಅಂತಾನೆ. ಅಲ್ಲೂ ಅಪೀಲು ಇದ್ಯಾ?

ಉತ್ತರ: ಇದೆ ಅಮ್ಮಾ. ಅಲ್ಲಿ 20ರ ಗೆರೆ ಇಲ್ಲ, 10ಕ್ಕೂ ದುಡ್ಡು ಬರುತ್ತೆ. 2019ರ ಫೆಬ್ರವರಿಯಿಂದ ಮೂರು ದಾರಿ ಮಾಡಿದ್ದಾರೆ, ಹೊಸ ದಾಖಲೆ ಹಾಕಿ ಸಪ್ಲಿಮೆಂಟಲ್ ಕ್ಲೇಮ್, ಹಳೆ ದಾಖಲೆಯನ್ನೇ ಮೇಲಿನವರು ನೋಡೋ ಹೈಯರ್ ಲೆವೆಲ್ ರಿವ್ಯೂ, ಇಲ್ಲಾ ಬೋರ್ಡ್ ಆಫ್ ವೆಟರನ್ಸ್ ಅಪೀಲ್ಸ್. ತೀರ್ಮಾನದ ಪತ್ರ ಬಂದ ಒಂದು ವರ್ಷದೊಳಗೆ ಯಾವುದಾದ್ರೂ ಹಿಡಿದ್ರೆ ದುಡ್ಡು ಲೆಕ್ಕ ಹಾಕೋ ಮೊದಲಿನ ತಾರೀಖು ಉಳಿಯುತ್ತೆ.

ಮಗನಿಗೆ ಹೇಳಿ, ತನ್ನ ಪತ್ರದಲ್ಲಿ ಯಾವ ಕೋಡ್ ಹಾಕಿದ್ದಾರೆ ನೋಡ್ಲಿ. 5215 ಇದ್ರೆ ಅದು ಮಣಿಕಟ್ಟಿನ ಅಲುಗಾಟ, ಅದರಲ್ಲಿ 10ಕ್ಕಿಂತ ಮೇಲೆ ಇಲ್ಲವೇ ಇಲ್ಲ. 8515 ಇದ್ರೆ ಮೀಡಿಯನ್ ನರ, ಅದರಲ್ಲಿ ಸ್ವಲ್ಪ ತೊಂದರೆಗೆ 10, ಮಧ್ಯಮ ಆದ್ರೆ ರೂಢಿಯ ಕೈಗೆ 30, ಇನ್ನೊಂದು ಕೈಗೆ 20, ತೀವ್ರ ಆದ್ರೆ 50 ಮತ್ತು 40. ಲೋಟ ಜಾರಿ ಬೀಳುತ್ತೆ ಅನ್ನೋದು ಬರೀ ಜೋಮಲ್ಲ, ಬಲ ಹೋಗಿದೆ ಅನ್ನೋದರ ಲಕ್ಷಣ, ಅದನ್ನ ಡಾಕ್ಟರ್ ಅಳೆದು ಬರೀಬೇಕು, ಬಲಗೈಯವನು ಅನ್ನೋದೂ ಬರೀಬೇಕು. ಡಿಸೆಬಲ್ಡ್ ಅಮೆರಿಕನ್ ವೆಟರನ್ಸ್, ಅಮೆರಿಕನ್ ಲೀಜನ್ ಥರದ ಸಂಘಗಳಲ್ಲಿ ದುಡ್ಡು ತಗೊಳ್ಳದೆ ಕ್ಲೇಮ್ ನಡೆಸಿ ಕೊಡೋ ಮಾನ್ಯತೆ ಪಡೆದವರು ಇದ್ದಾರೆ, ಅವರ ಹತ್ರ ಹೋಗ್ಲಿ.

ಪ್ರಶ್ನೆ: ಅಪೀಲಿಗೆ ಎಷ್ಟು ಟೈಮ್, ಟ್ರಿಬ್ಯೂನಲ್ ಎಲ್ಲಿ, ವಕೀಲರು ಬೇಕೇ ಬೇಕಾ? (ಈ ಪ್ರಶ್ನೆ ಹಲವರದ್ದು)

ಉತ್ತರ: ರಿಜೆಕ್ಟ್ ಲೆಟರ್ ಬಂದ ಆರು ತಿಂಗಳೊಳಗೆ ಫಸ್ಟ್ ಅಪೀಲು, ಅದೂ ಬಿದ್ರೆ ಮತ್ತೆ ಆರು ತಿಂಗಳೊಳಗೆ ಸೆಕೆಂಡ್ ಅಪೀಲು. ಆಮೇಲೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್, 2007ರ ಕಾಯ್ದೆಯಲ್ಲಿ ಬಂದಿದ್ದು, ಕರ್ನಾಟಕದವರಿಗೆ ಕೊಚ್ಚಿ ಪೀಠ. ಕೊನೆಯ ಆದೇಶದಿಂದ ಆರು ತಿಂಗಳೊಳಗೆ ಹೋಗ್ಬೇಕು. ಅಪೀಲು ಹಾಕಿ ಆರು ತಿಂಗಳಾದ್ರೂ ಉತ್ತರ ಬರಲಿಲ್ಲ ಅಂದ್ರೆ ಕಾಯ್ತಾ ಕೂರೋದು ಬೇಡ, ಅಲ್ಲಿಂದ ಒಂದು ವರ್ಷದೊಳಗೆ ನೇರ ಟ್ರಿಬ್ಯೂನಲ್‌ಗೆ ಹೋಗಬಹುದು. ತಡ ಆಗಿದ್ರೆ ಕಾರಣ ಹೇಳಿ ಮನ್ನಾ ಕೇಳೋಕೂ ಅವಕಾಶ ಇದೆ. ಅಲ್ಲೂ ಸೋತ್ರೆ ಹೈಕೋರ್ಟಿಗೆ ರಿಟ್ ಹೋಗಬಹುದು ಅಂತ 2023ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಎರಡು ಅಪೀಲು ನೀವೇ ಬರೀಬಹುದು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ಸಹಾಯ ಕೇಳಿ. ಟ್ರಿಬ್ಯೂನಲ್‌ಗೆ ಮಾತ್ರ ಸರ್ವಿಸ್ ಮ್ಯಾಟರ್ ಗೊತ್ತಿರೋ ವಕೀಲರು ಇದ್ರೆ ಒಳ್ಳೇದು, ಬಂದ ಬಾಕಿಯಲ್ಲಿ ಇಷ್ಟು ಪಾಲು ಕೊಡಿ ಅನ್ನೋರಿಂದ ದೂರ ಇರಿ. ಆದ್ರೆ ಇದೆಲ್ಲಕ್ಕಿಂತ ಮುಂಚೆ ರೆಕಾರ್ಡ್ ಆಫೀಸಿಗೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ಮೆಡಿಕಲ್ ಬೋರ್ಡ್ ಪ್ರೊಸೀಡಿಂಗ್ಸ್, ಅಂದ್ರೆ ಎಎಫ್‌ಎಂಎಸ್‌ಎಫ್-16, ಭರ್ತಿ ಆದಾಗಿನ ಮೆಡಿಕಲ್ ಶೀಟ್, ಇಂಜುರಿ ರಿಪೋರ್ಟ್, ಮೂರನ್ನೂ ದೃಢೀಕೃತ ನಕಲು ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡ್ಬೇಕು. ಬೋರ್ಡಿನ ಕಾಗದ ಕೈಗೆ ಬಂದ್ಮೇಲೆ ಕೈ ಬಗ್ಗೆ ಅವರು ಏನು ಬರೆದಿದ್ದಾರೆ ಅನ್ನೋ ಸಾಲನ್ನ ನೀವೇ ಕೂತು ಓದಿ, ನಿಮ್ಮ ಕೈಗೂ ಆ ಸಾಲಿಗೂ ಎಲ್ಲೆಲ್ಲಿ ಹೊಂದಲ್ಲ ಅಂತ ಒಂದು ಹಾಳೆಯಲ್ಲಿ ಗುರುತು ಹಾಕ್ಕೊಂಡು, ಆಮೇಲೆ ವಕೀಲರ ಹತ್ರ ಹೋಗಿ.